31 ಪ್ರಶ್ನೆ ಕೇಳಿದೆ, 24ಕ್ಕೆ ನಾನೇ ಉತ್ತರ ಹೇಳಿದೆ

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದ ಅಂಚಿನಲ್ಲಿ ನನ್ನ ಅಂಗನವಾಡಿ ಇದೆ. 2009ರಿಂದ ಅಲ್ಲೇ ಕಾರ್ಯಕರ್ತೆ ಆಗಿದ್ದೇನೆ. ಸೇರಿದ ಹೊಸತರಲ್ಲಿ ಒಂದು ತಿಂಗಳ ಹತ್ತಿರದ ತರಬೇತಿ ಆಯಿತು. ಆಮೇಲೆ ಐದು ದಿನ, ಮೂರು ದಿನ, ಒಂದು ದಿನ ಅಂತ ಕರೆಯುತ್ತಲೇ ಇದ್ದಾರೆ. 2018ರಲ್ಲಿ ಪೋಷಣ್ ಅಭಿಯಾನ ಶುರುವಾದಾಗ 21 ಪಾಠಗಳನ್ನು ಸಭೆಗಳಲ್ಲಿ ಒಂದೊಂದಾಗಿ ಹೇಳಿಕೊಡುವ ಕ್ರಮ ಬಂತು, 2021ರಲ್ಲಿ ಹಾಜರಿ, ಅಳತೆ ಎಲ್ಲ ಫೋನಿನಲ್ಲಿ ಹಾಕುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು, 2023ರಲ್ಲಿ ಶುರುವಾದ 'ಪೋಷಣ್ ಭೀ ಪಢಾಯಿ ಭೀ' (ಪೋಷಣೆಯೂ ಓದೂ) ಕಾರ್ಯಕ್ರಮದಲ್ಲಿ ಮೂರು ದಿನದ ತರಬೇತಿ ಇತ್ತು. ಎಲ್ಲದಕ್ಕೂ ಹೋಗಿದ್ದೇನೆ. ಅಲ್ಲಿ ಹೇಳಿದ್ದರಲ್ಲಿ ಬೇಡದ್ದು ಕಡಿಮೆ, ಬೇಕಾದ್ದೇ ಜಾಸ್ತಿ.

ಆದರೆ ಮಡಿಕೇರಿಯಲ್ಲಿ ಶುಕ್ರವಾರ ಕಲಿತದ್ದು ಸೋಮವಾರ ಕೈಗೆ ಬರುತ್ತಿರಲಿಲ್ಲ. ಸೋಮವಾರ ಬಾಗಿಲು ತೆಗೆದರೆ ಇಬ್ಬರು ಅಳುತ್ತಿರುತ್ತಾರೆ, ಒಬ್ಬ ಒದ್ದೆ ಚಡ್ಡಿಯಲ್ಲಿ ನಿಂತಿರುತ್ತಾನೆ, ಗ್ಯಾಸ್ ಖಾಲಿ ಆಗಿರುತ್ತದೆ, ಫೋನಿನಲ್ಲಿ ಹಾಜರಿ ಹಾಕಬೇಕಿರುತ್ತದೆ, ನೆಟ್‌ವರ್ಕ್ ಇರುವುದಿಲ್ಲ. ಕೈ ತನ್ನಷ್ಟಕ್ಕೆ ಹಳೇ ರೀತಿಯಲ್ಲೇ ಕೆಲಸ ಮಾಡುತ್ತದೆ. ಇದು ನನ್ನೊಬ್ಬಳ ಕಥೆ ಅಲ್ಲ, ಅಲ್ವಾ?

ನಾನು ಬದಲಾದದ್ದು ಒಬ್ಬ ಗೆಳತಿಯಿಂದ. ಅವರ ಕೇಂದ್ರ ನನ್ನದಕ್ಕೆ ಎರಡು ಕಿಲೋಮೀಟರ್ ದೂರ. ತರಬೇತಿ ಮುಗಿಸಿ ಒಟ್ಟಿಗೆ ಬಸ್ಸಿನಲ್ಲಿ ಬರುವಾಗ ಅವರು ಕೇಳಿದರು, "ಅಕ್ಕ, ನೀವು ಪಾಠ ಮಾಡೋದನ್ನ ನಾನು ಒಂದು ದಿವಸವೂ ನೋಡಿಲ್ಲ. ನಾನು ಮಾಡೋದನ್ನ ನೀವು ನೋಡಿದ್ದೀರಾ?" ನೋಡಿರಲಿಲ್ಲ. ಹತ್ತು ವರ್ಷ ಪಕ್ಕಪಕ್ಕದಲ್ಲಿ ಕೆಲಸ ಮಾಡಿದ್ದೇವೆ, ರಿಜಿಸ್ಟರ್ ಬಗ್ಗೆ ಮಾತಾಡಿದ್ದೇವೆ, ಗೌರವಧನದ ಬಗ್ಗೆ ಮಾತಾಡಿದ್ದೇವೆ. ಮಕ್ಕಳ ಜೊತೆ ನಾವು ಹೇಗಿರುತ್ತೇವೆ ಅನ್ನುವುದನ್ನು ಮಾತ್ರ ಒಬ್ಬರಿಗೊಬ್ಬರು ತೋರಿಸಿರಲಿಲ್ಲ.

ಮೇಲ್ವಿಚಾರಕಿ ಮೇಡಂ ಹತ್ತಿರ ಕೇಳಿದೆವು. ಒಂದು ಗಂಟೆ ಮಾತ್ರ, ಆ ಹೊತ್ತಿಗೆ ಸಹಾಯಕಿ ಕೇಂದ್ರದಲ್ಲಿ ಇರಲೇಬೇಕು ಅಂತ ಹೇಳಿ ಒಪ್ಪಿದರು. ಗೆಳತಿ ಒಂದು ಬೆಳಿಗ್ಗೆ ಹತ್ತೂವರೆಗೆ ಬಂದು ಮೂಲೆಯಲ್ಲಿ ಚಾಪೆ ಮೇಲೆ ಕೂತರು. ನಾನು ಚಿತ್ರ ತೋರಿಸಿ ಕಥೆ ಹೇಳುತ್ತಿದ್ದೆ. ಇಪ್ಪತ್ತು ನಿಮಿಷ ಅವರು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಲೇ ಇದ್ದರು. ಮಧ್ಯಾಹ್ನ ಫೋನ್ ಮಾಡಿ ಲೆಕ್ಕ ಹೇಳಿದರು. "ಅಕ್ಕ, 31 ಪ್ರಶ್ನೆ ಕೇಳಿದಿರಿ. 24ಕ್ಕೆ ನೀವೇ ಉತ್ತರ ಹೇಳಿದಿರಿ."

ನನಗೆ ಮೊದಲು ಸಿಟ್ಟು ಬಂತು. ರಾತ್ರಿ ಮಲಗಿದಾಗ ಒಂದೊಂದೇ ನೆನಪಾಯಿತು. "ಇದು ಏನು? ಆನೆ, ಅಲ್ವಾ? ಆನೆ ಏನು ತಿನ್ನುತ್ತೆ? ಸೊಪ್ಪು ತಿನ್ನುತ್ತೆ." ನಮ್ಮ ಮಕ್ಕಳಿಗೆ ಆನೆ ಬಗ್ಗೆ ನನಗಿಂತ ಜಾಸ್ತಿ ಗೊತ್ತು. ತೋಟದಲ್ಲಿ ಹಲಸಿನಹಣ್ಣಿಗೆ ಬಂದ ಆನೆಯನ್ನು ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಕಿಟಕಿಯಿಂದ ನೋಡಿದ ಮಕ್ಕಳು ಅವರು. ಅವರ ಬಾಯಲ್ಲಿ ಬರಬೇಕಾದ ಕಥೆಯನ್ನು ನಾನು ಅರ್ಧ ಸೆಕೆಂಡಿನಲ್ಲಿ ಕಿತ್ತುಕೊಂಡಿದ್ದೆ.

ಮಾರನೇ ದಿನದಿಂದ ಒಂದೇ ಒಂದು ಕೆಲಸ ಇಟ್ಟುಕೊಂಡೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುವುದು. ಬೇರೆ ಏನೂ ಬದಲಾಯಿಸಲಿಲ್ಲ. ಐದು ಎಣಿಸುವುದು ಸುಲಭ ಅಂತ ಕಾಣುತ್ತದೆ, ಮಾಡಿ ನೋಡಿ, ಎರಡಕ್ಕೇ ಬಾಯಿ ತೆರೆಯುತ್ತದೆ. ಆ ಮೌನವನ್ನು ತಡೆದುಕೊಳ್ಳಲು ನನಗೆ ಮೂರು ವಾರ ಬೇಕಾಯಿತು. ಎರಡು ತಿಂಗಳ ನಂತರ ಗೆಳತಿ ಮತ್ತೆ ಬಂದು ಎಣಿಸಿದಾಗ 12 ಪ್ರಶ್ನೆ ಕೇಳಿದ್ದೆ, ಒಂಬತ್ತಕ್ಕೆ ಮಕ್ಕಳೇ ಉತ್ತರ ಹೇಳಿದ್ದರು. ಕೆಲವು ಉತ್ತರ ನನಗೆ ಅರ್ಥವೇ ಆಗಿರಲಿಲ್ಲ, ಯಾಕೆಂದರೆ ಅವು ಕನ್ನಡದಲ್ಲಿ ಇರಲಿಲ್ಲ.

ಕೊಡಗಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ 18 ಮಕ್ಕಳ ಮನೆಗಳಲ್ಲಿ ಕೊಡವ ತಕ್ಕ್, ಮಲಯಾಳಂ, ತಮಿಳು, ತುಳು, ಯರವ ಆದಿವಾಸಿಗಳ ಮಾತು ಎಲ್ಲ ಇವೆ, ಈಚಿನ ವರ್ಷಗಳಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳೂ ಇವೆ. ಕಾಫಿ ಕುಯ್ಲಿನ ಸಮಯದಲ್ಲಿ, ಡಿಸೆಂಬರಿನಿಂದ ಫೆಬ್ರವರಿವರೆಗೆ, ಹೊಸ ಮುಖಗಳು ಬರುತ್ತವೆ, ಕರಿಮೆಣಸು ಕೊಯ್ದು ಮುಗಿದ ಮೇಲೆ ಕೆಲವರು ಹೊರಟು ಹೋಗುತ್ತಾರೆ. ಮಗುವಿಗೆ ಮನೆಮಾತಿನಲ್ಲೇ ಮೊದಲು ಕಲಿಸಬೇಕು ಅಂತ ತರಬೇತಿಯಲ್ಲಿ ಹೇಳುತ್ತಾರೆ. ಸರಿ. ಆರು ಮನೆಮಾತು ಇದ್ದರೆ ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಮೂರು ವರ್ಷದ ಒಬ್ಬ ಹುಡುಗ ನನ್ನ ಸೀರೆ ಎಳೆದು "ತೂಕ್ಕಂ, ತೂಕ್ಕಂ" ಅಂದ. ಅವತ್ತು ಬೆಳಿಗ್ಗೆಯೇ ಎಲ್ಲರ ತೂಕ ನೋಡಿದ್ದೆ, ಅವನಿಗೆ ಮತ್ತೊಮ್ಮೆ ನಿಲ್ಲುವ ಆಸೆ ಇರಬೇಕು ಅಂದುಕೊಂಡು ಯಂತ್ರದ ಮೇಲೆ ನಿಲ್ಲಿಸಿದೆ. ಅವನು ಬಿಕ್ಕಿ ಬಿಕ್ಕಿ ಅತ್ತ. ಸಹಾಯಕಿ ಅಡುಗೆ ಕೋಣೆಯಿಂದ ಓಡಿ ಬಂದು ಹೇಳಿದರು, "ಟೀಚರ್, ಅವನಿಗೆ ನಿದ್ದೆ ಬರ್ತಾ ಇದೆ." ತಮಿಳಿನಲ್ಲಿ ತೂಕ್ಕಂ ಅಂದರೆ ನಿದ್ದೆ. ಅವನನ್ನು ಎತ್ತಿಕೊಂಡು ಮಲಗಿಸಿದೆ, ಎರಡು ನಿಮಿಷಕ್ಕೆ ನಿದ್ದೆ ಹೋದ. ಆ ಮಗು ಎಷ್ಟು ದಿನದಿಂದ ಹೀಗೆ ಕೇಳಿ ಕೇಳಿ ಸುಮ್ಮನಾಗಿರಬಹುದು ಅಂತ ಯೋಚಿಸಿ ನನಗೆ ಅವತ್ತು ಊಟ ಸೇರಲಿಲ್ಲ.

ಆಮೇಲೆ ಒಂದು ದೊಡ್ಡ ಹಾಳೆ ತಂದು ಬಾಗಿಲ ಪಕ್ಕ ಅಂಟಿಸಿದೆ. ಎಂಟು ಮಾತು ಮಾತ್ರ: ನೀರು, ಹಸಿವು, ನಿದ್ದೆ, ನೋವು, ಉಚ್ಚೆ, ಅಮ್ಮ, ಬಾ, ಭಯ ಬೇಡ. ಮಗುವನ್ನು ಬಿಡಲು ಬಂದ ತಾಯಂದಿರ ಹತ್ತಿರ ಕೇಳಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆದೆ. ನೀರಿಗೆ ಮಲಯಾಳಂನಲ್ಲಿ ವೆಳ್ಳಂ, ತಮಿಳಿನಲ್ಲಿ ತಣ್ಣಿ, ಅಸ್ಸಾಮಿಯಲ್ಲಿ ಪಾನಿ. ಹಸಿವಿಗೆ ತುಳುವಿನಲ್ಲಿ ಬಡವು, ತಮಿಳಿನಲ್ಲಿ ಪಸಿ, ಅಸ್ಸಾಮಿಯಲ್ಲಿ ಭೋಕ್. ಹೀಗೆ ಕೇಳುವಾಗ ಇನ್ನೊಂದೂ ಆಯಿತು. ಅದುವರೆಗೆ ಮಗುವನ್ನು ಬಾಗಿಲಲ್ಲಿ ಬಿಟ್ಟು ತಲೆ ತಗ್ಗಿಸಿ ಹೋಗುತ್ತಿದ್ದ ಯರವ ಹೆಣ್ಣುಮಗಳೊಬ್ಬಳು ನಿಂತು, ನಾನು ತಪ್ಪಾಗಿ ಹೇಳಿದ್ದನ್ನು ನಾಲ್ಕು ಸಲ ತಿದ್ದಿದಳು. ಈಗ ಅವಳು ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ ಮಾತಾಡುತ್ತಾಳೆ.

ಎರಡನೇ ದೊಡ್ಡ ಪಾಠ ಅಳತೆಯದ್ದು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಾದರೆ ಒಂದು ಮನೆಯೇ ಹೆದರುತ್ತದೆ. 20 ತಿಂಗಳ ಒಂದು ಹೆಣ್ಣುಮಗು ಎತ್ತರದಲ್ಲಿ ಕುಂಠಿತ ಅಂತ ಫೋನ್ ತೋರಿಸಿತು. ತಾಯಿಗೆ ಹೇಳಿದೆ. ಅವಳು ಅತ್ತಳು, ಅತ್ತೆ ಅವಳನ್ನು ಬೈದರು. ಮುಂದಿನ ವಾರ ಗೆಳತಿ ನನ್ನ ಕೇಂದ್ರಕ್ಕೆ ಬಂದಿದ್ದಾಗ ಅದೇ ಮಗುವನ್ನು ಅಳೆಯುವುದನ್ನು ನೋಡಿ ಮೆಲ್ಲಗೆ ಕೇಳಿದರು, "ನಿಲ್ಲಿಸಿ ಅಳೀತೀರಾ?" ಎರಡು ವರ್ಷ ತುಂಬದ ಮಗುವನ್ನು ಮಲಗಿಸಿಯೇ ಅಳೆಯಬೇಕು. ತರಬೇತಿಯಲ್ಲಿ ಕೇಳಿದ್ದೆ, ಬರೆದೂ ಕೊಂಡಿದ್ದೆ. ಮಗು ನಡೆಯುತ್ತದೆ, ಚೆನ್ನಾಗಿ ನಿಲ್ಲುತ್ತದೆ, ಹಾಗಾಗಿ ನಿಲ್ಲಿಸಿದ್ದೆ ಅಷ್ಟೇ. ನಿಂತಾಗಿನ ಅಳತೆ ಮಲಗಿದಾಗಿನದಕ್ಕಿಂತ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಕುಂಠಿತ ಅಂತ ಗುರುತಿಸುವ ಗೆರೆಯ ಹತ್ತಿರ ಇರುವ ಮಗುವಿಗೆ ಅಷ್ಟೇ ಸಾಕು, ಗೆರೆಯ ಕೆಳಗೆ ಹೋಗಿಬಿಡುತ್ತದೆ. ಹಲಗೆ ಮೇಲೆ ಮಲಗಿಸಿ ಅಳೆದಾಗ ಅವಳು ಗೆರೆಯ ಮೇಲೇ ಇದ್ದಳು. ಸಂಜೆ ಅವರ ಮನೆಗೆ ಹೋಗಿ ಅತ್ತೆಯ ಎದುರಿಗೇ ಹೇಳಿದೆ, ತಪ್ಪು ನನ್ನದು, ನಿಮ್ಮ ಸೊಸೆಯದ್ದಲ್ಲ ಅಂತ.

ಈಗ ಮಲಗಿಸಿ ಅಳೆಯುವಾಗ ಯಾವಾಗಲೂ ಇಬ್ಬರು ಇರುತ್ತೇವೆ. ಸಹಾಯಕಿ ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯುತ್ತಾರೆ, ನಾನು ಮೊಣಕಾಲು ಒತ್ತಿ ಪಾದದ ಹಲಗೆ ಸರಿಸುತ್ತೇನೆ. ಜುಟ್ಟು ಬಿಚ್ಚಿಸುತ್ತೇವೆ, ಸಾಕ್ಸ್ ತೆಗೆಯುತ್ತೇವೆ. ಇನ್ನೊಂದು ನಮ್ಮ ಜಿಲ್ಲೆಯದ್ದೇ ವಿಷಯ: ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳು ಸ್ವೆಟರ್, ಉಲ್ಲನ್ ಟೋಪಿ ಹಾಕಿಕೊಂಡು ಬರುತ್ತಾರೆ. ಆ ಚಳಿಯಲ್ಲಿ ಬಟ್ಟೆ ಬಿಚ್ಚಿಸಲು ಮನಸ್ಸು ಬರುವುದಿಲ್ಲ, ಸ್ವೆಟರ್ ಸಮೇತ ತೂಗಿದರೆ ಮಳೆಗಾಲದಲ್ಲಿ ಎಲ್ಲರ ತೂಕ ಏರಿದ ಹಾಗೆ ಕಾಣುತ್ತದೆ, ಸೆಪ್ಟೆಂಬರಿನಲ್ಲಿ ಎಲ್ಲರೂ ಒಮ್ಮೆಲೇ ಇಳಿದ ಹಾಗೆ ಕಾಣುತ್ತದೆ. ನಾನು ಅಡುಗೆ ಕೋಣೆಯ ಬಾಗಿಲು ಹಾಕಿ, ಒಲೆ ಹಚ್ಚಿ ಬೆಚ್ಚಗಾದ ಮೇಲೆ, ಒಲೆಯಿಂದ ದೂರದಲ್ಲಿ ಯಂತ್ರ ಇಟ್ಟು ಒಬ್ಬೊಬ್ಬರನ್ನೇ ಸ್ವೆಟರ್ ತೆಗೆದು ತೂಗುತ್ತೇನೆ. ಅರ್ಧ ದಿನ ಹೋಗುತ್ತದೆ. ಹೋಗಲಿ.

ಇಬ್ಬರಿಂದ ಶುರುವಾದದ್ದು ಈಗ ಐದು ಜನ ಆಗಿದ್ದೇವೆ. ನಮ್ಮ ವೃತ್ತದ ಕಾರ್ಯಕರ್ತೆಯರ ಸಭೆ ಮುಗಿದ ಮೇಲೆ ಅರ್ಧ ಗಂಟೆ ಕೂರುತ್ತೇವೆ. ನಮ್ಮ ನಿಯಮ ಇಷ್ಟೇ: ನೋಡಲು ಹೋದವರು ಒಂದೇ ವಿಷಯ ನೋಡಬೇಕು, ಅದನ್ನು ಕರೆದವರೇ ಹೇಳಬೇಕು. ಕಂಡದ್ದನ್ನು ಹೇಳಬೇಕು, ಚೆನ್ನಾಗಿತ್ತು ಚೆನ್ನಾಗಿರಲಿಲ್ಲ ಅಂತ ಹೇಳಬಾರದು. ಕೇಳಿದ್ದನ್ನು ಮೇಡಂ ಹತ್ತಿರವೂ ಮನೆಯಲ್ಲೂ ಹೇಳಬಾರದು. ಈ ಕೊನೆಯದನ್ನು ಒಮ್ಮೆ ಒಬ್ಬರು ಮುರಿದರು, ಆಮೇಲೆ ನಾಲ್ಕು ತಿಂಗಳು ಯಾರೂ ಯಾರನ್ನೂ ಕರೆಯಲಿಲ್ಲ. ಶುರು ಮಾಡುವವರು ಬೇರೆ ಏನನ್ನು ಬಿಟ್ಟರೂ ಅದನ್ನು ಬಿಡಬೇಡಿ.

ಐದನೆಯವರು ಅಂಗನವಾಡಿಯವರಲ್ಲ. ಒಂದು ತೋಟದಲ್ಲಿ ಕೆಲಸಗಾರರ ಕೂಸುಗಳನ್ನು ನೋಡಿಕೊಳ್ಳುವ ಅಕ್ಕ. ಮೊದಲು ಕಾಫಿ ಕುಯ್ಯುತ್ತಿದ್ದರು, ಬೆನ್ನುನೋವು ಬಂದ ಮೇಲೆ ತೋಟದವರು ಇಲ್ಲಿ ಕೂರಿಸಿದರು. ಐವತ್ತು ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಮಕ್ಕಳಿಗೆ ಕೋಣೆ ಇರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸು ಅದನ್ನು ನೋಡಿಕೊಳ್ಳಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಈ ಅಕ್ಕನಿಗೆ ಒಂದು ದಿನದ ತರಬೇತಿಯೂ ಸಿಕ್ಕಿರಲಿಲ್ಲ. ಎಂಟು ತಿಂಗಳಿಂದ ಎರಡೂವರೆ ವರ್ಷದವರೆಗಿನ ಏಳು ಮಕ್ಕಳು, ಇವರು ಒಬ್ಬರೇ. ನನಗೆ ಇದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ ಮಕ್ಕಳ ಜೊತೆ ಏನು ಮಾಡಬಹುದು ಅಂತ ತಿಂಗಳು ತಿಂಗಳಿಗೆ ಹೇಳುವ 'ನವಚೇತನ' ಚೌಕಟ್ಟು 2024ರಲ್ಲಿ ಬಂದಿದೆ. ಅದರಿಂದ ನನಗೆ ತಿಳಿದದ್ದನ್ನು ಅಕ್ಕನಿಗೆ ಬಾಯಲ್ಲೇ ಹೇಳಿದೆ, ಅವರಿಗೆ ಓದಲು ಬರುವುದಿಲ್ಲ. ಎಣ್ಣೆ ಹಚ್ಚುವಾಗ ಮಾತಾಡುವುದು, ಮಗು ಮಾಡಿದ ಸದ್ದನ್ನೇ ತಿರುಗಿ ಮಾಡುವುದು, ಇದೆಲ್ಲ ಅವರು ಮೊದಲೇ ಮಾಡುತ್ತಿದ್ದರು. ಆದರೆ ಚಿಕ್ಕ ಕೂಸುಗಳು ದಿನವಿಡೀ ಜೋಲಿಯಲ್ಲೇ ಇರುತ್ತಿದ್ದವು. ಎಚ್ಚರ ಇದ್ದಾಗ ಬೋರಲು ಮಲಗಿಸಿ, ಕೈಗೆ ಸ್ವಲ್ಪ ಎಟುಕದ ಹಾಗೆ ಒಂದು ಚಮಚ ಇಡಿ, ಕತ್ತು ಬೆನ್ನು ಗಟ್ಟಿ ಆಗುತ್ತದೆ, ತೆವಳಲು ಕಲಿಯುತ್ತದೆ ಅಂದೆ. "ನೆಲ ಐಸ್ ಇದ್ದಂಗೆ ಇದೆ ಟೀಚರ್, ಕೂಸಿಗೆ ಶೀತ ಆದ್ರೆ ಅವರಮ್ಮ ನನ್ನ ಬಿಡ್ತಾಳಾ?" ಅಂದರು. ಅವರು ಹೇಳಿದ್ದು ನಿಜ. ಕೊನೆಗೆ ದಾರಿ ಅವರೇ ಹುಡುಕಿದರು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಳೇ ಕಾಫಿ ಗೋಣಿಚೀಲ ಕೇಳಿ ತಂದು, ಒಗೆದು, ನಾಲ್ಕು ಪದರ ಹಾಸಿ, ಮೇಲೆ ಚಾಪೆ, ಅದರ ಮೇಲೆ ಹತ್ತಿ ಸೀರೆ. ಈಗ ನಮ್ಮ ಅಂಗನವಾಡಿಗಳಲ್ಲೂ ಮಳೆಗಾಲಕ್ಕೆ ಇದೇ ಹಾಸು.

ಅವರು ನಮಗೆ ಕಲಿಸಿದ್ದು ಇನ್ನೂ ಇದೆ. ನಾನು ಕೂಸು ಅತ್ತ ಮೇಲೆ ಹಸಿವು ಅಂತ ತಿಳಿಯುತ್ತಿದ್ದೆ. ಅವರು ಅಳುವ ಮುಂಚೆಯೇ ಏಳುತ್ತಾರೆ. ಕೂಸು ತಲೆ ಆ ಕಡೆ ಈ ಕಡೆ ತಿರುಗಿಸುತ್ತದೆ, ಮುಷ್ಟಿ ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ, ಅಷ್ಟರಲ್ಲಿ ತಾಯಿಗೆ ಹೇಳಿ ಕಳಿಸಿರುತ್ತಾರೆ. ಅತ್ತು ಸುಸ್ತಾದ ಕೂಸು ಸರಿಯಾಗಿ ಹಾಲು ಕುಡಿಯುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ತಿಳಿದದ್ದು. ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ 'ಕೂಸಿನ ಮನೆ'ಯಲ್ಲಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರನ್ನು ಕಳೆದ ತಿಂಗಳು ಅವರ ಹತ್ತಿರ ಕರೆದುಕೊಂಡು ಹೋಗಿ ಒಂದು ಬೆಳಿಗ್ಗೆ ಕೂರಿಸಿದೆ.

ಓದಿನ ವಿಷಯಕ್ಕೆ ಬಂದರೆ, ಪಿಯುಸಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ನನಗೆ ಮಾಡುವ ಆಸೆ ಇದೆ. ಅವಕಾಶ ಬಂದವರು ಖಂಡಿತ ಮಾಡಿ. ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ, ಪಕ್ಕದ ಕೇಂದ್ರದವರಿಗೆ ಇವತ್ತೇ ಫೋನ್ ಮಾಡಿ.

ಈ ತಿಂಗಳು ನನ್ನನ್ನು ನೋಡಲು ಬರುವ ಸರದಿ ಅಕ್ಕನದ್ದು. ಊಟದ ಹೊತ್ತು ನೋಡಿ ಅಂದಿದ್ದೇನೆ. ಮೊಟ್ಟೆ ಸುಲಿಯಲು ಮಕ್ಕಳಿಗೇ ಬಿಡುತ್ತೇನಾ, ತಡವಾಗುತ್ತದೆ ಅಂತ ನಾನೇ ಸುಲಿದು ಕೊಡುತ್ತೇನಾ, ಎಷ್ಟು ಜನಕ್ಕೆ ಎಷ್ಟು ಸಲ. ಅವರಿಗೆ ಬರೆಯಲು ಬರುವುದಿಲ್ಲವಲ್ಲ, ಕಾಫಿ ಬೀಜ ತರುತ್ತಾರಂತೆ, ಒಂದೊಂದು ಸಲಕ್ಕೆ ಒಂದೊಂದು ಬೀಜ ಲೋಟಕ್ಕೆ ಹಾಕಲು.