ಕೊಡಚಾದ್ರಿ ಹತ್ತಿದ ಕಾಲಿಗೆ ಹರ್ ಕಿ ದೂನ್ ಕಣಿವೆ

ಮಲೆನಾಡಿನವರಿಗೆ ಗುಡ್ಡ ಹತ್ತುವುದು ಹೊಸದಲ್ಲ. ಹಾಗಾಗಿಯೇ ಉತ್ತರಾಖಂಡದ ಹರ್ ಕಿ ದೂನ್ ಕಣಿವೆಯಲ್ಲಿ ನಮ್ಮವರು ಮೊದಲ ಎರಡು ದಿನ ಬೇಗ ಬೇಗ ನಡೆದು, ಮೂರನೆಯ ದಿನ ತಲೆನೋವೆಂದು ಮಲಗುತ್ತಾರೆ. ಕೊಡಚಾದ್ರಿಯ ತುದಿ 1,343 ಮೀಟರ್. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯೇ ಸುಮಾರು 1,950 ಮೀಟರ್, ಹರ್ ಕಿ ದೂನ್ ಸುಮಾರು 3,560. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ. ಊರಿನ ಅಭ್ಯಾಸದಿಂದ ಕಾಲು ಗಟ್ಟಿಯಾದೀತು, ಎತ್ತರಕ್ಕೆ ಮೈ ಒಗ್ಗುವುದು ಅಲ್ಲಿಗೆ ಹೋದ ಮೇಲೆಯೇ.

ಮೇ ತಿಂಗಳಲ್ಲಿ ಹೊರಡುವುದು ನಮಗೆ ಅನುಕೂಲ. ಸೆಪ್ಟೆಂಬರ್ ಕೊನೆಯೂ ಒಳ್ಳೆಯದೇ, ಆದರೆ ಅಭ್ಯಾಸವೆಲ್ಲ ಮಳೆ, ಉಂಬಳದ ನಡುವೆ ಆಗಬೇಕು. ಮೂರು ತಿಂಗಳು ಮೊದಲೇ ಶುರು ಮಾಡಿ: 4 ಕೆಜಿ ಹೊರೆಯಿಂದ ಆರಂಭಿಸಿ ನಿಧಾನವಾಗಿ 8 ಕೆಜಿಗೆ ಏರಿಸಿ, ವಾರಕ್ಕೊಮ್ಮೆ ಕೊಡಚಾದ್ರಿಯಂಥ ಉದ್ದದ ಏರು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚುವುದುಂಟು, ಕೇಳಿಕೊಂಡೇ ಹೋಗಿ. ಇಳಿಯುವಾಗ ಜೀಪು ಹತ್ತಬೇಡಿ. ಮಂಡಿ, ತೊಡೆ ಸೋಲುವುದು ಇಳಿಜಾರಿನಲ್ಲಿ. ಉಗುರು ಚಿಕ್ಕದಾಗಿ ಕತ್ತರಿಸಿ, ಇಳಿಯುವ ಮುನ್ನ ಬೂಟಿನ ಲೇಸನ್ನು ಕಣಕಾಲಿನ ಬಳಿ ಬಿಗಿ ಮಾಡಿ. ಬೆರಳು ಮುಂದಕ್ಕೆ ಜಾರಿ ಬೂಟಿಗೆ ಬಡಿದೇ ಉಗುರು ಕಪ್ಪಾಗುವುದು.

ಡೆಹ್ರಾಡೂನಿನಿಂದ ಸಾಂಕ್ರಿಗೆ ಜೀಪಿನಲ್ಲಿ ಒಂದು ಹಗಲು ಪೂರ್ತಿ ಬೇಕು. ನಗದನ್ನು ದಾರಿಯ ಪುರೋಲಾದಲ್ಲೇ ತೆಗೆದುಕೊಳ್ಳಿ. ಸಾಂಕ್ರಿಯಿಂದ ತಾಲುಕಾ, ಗಂಗಾಡ್, ಓಸ್ಲಾ ಎಂದು ಸುಪಿನ್ ನದಿಯ ಪಕ್ಕದಲ್ಲೇ ಹಾದಿ. ಓಸ್ಲಾ ಸುಮಾರು 2,550 ಮೀಟರ್. ಅಲ್ಲಿಂದ ಹರ್ ಕಿ ದೂನ್‌ಗೆ ಸುಮಾರು ಸಾವಿರ ಮೀಟರ್ ಏರು, ಎಡವುವುದು ಇಲ್ಲೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಆದ್ದರಿಂದ ಓಸ್ಲಾದಿಂದ ಬೆಳಿಗ್ಗೆ ಬೇಗ ಹೋಗಿ ಸಂಜೆಗೆ ವಾಪಸು ಬನ್ನಿ, ಇಲ್ಲವೇ ನಡುವೆ ಒಂದು ರಾತ್ರಿ ಡೇರೆ ಹಾಕಿ. ನಮ್ಮ ಸಲಹೆ ಎರಡನೆಯದು.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು ಕಂಡರೆ ಮೇಲೆ ಹೋಗುವುದು ನಿಲ್ಲಿಸಿ. ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವಂತೆ ಹೆಜ್ಜೆ ಇಡಿಸಿ, ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾಗಿದ್ದರೂ ಇಳಿಸಲೇಬೇಕು, ಒಬ್ಬರನ್ನೇ ಕಳಿಸಬಾರದು. ಎತ್ತರಕ್ಕೆ ಮೈ ಒಗ್ಗಲು ನೆರವಾಗುವ ಡಯಾಮಾಕ್ಸ್ ಮಾತ್ರೆಯನ್ನು ಊರಿನಲ್ಲೇ ವೈದ್ಯರನ್ನು ಕೇಳಿ ತನ್ನಿ; ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು.

ನಮ್ಮ ಹಳ್ಳ ಮಳೆಗೆ ಉಕ್ಕುತ್ತದೆ, ಅಲ್ಲಿಯದು ಬಿಸಿಲಿಗೆ. ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುವುದರಿಂದ, ಸೇತುವೆ ಇಲ್ಲದ ತೊರೆಗಳನ್ನು ಬೆಳಿಗ್ಗೆಯೇ ದಾಟಬೇಕು. ಚೀಲದ ಸೊಂಟಪಟ್ಟಿ ಬಿಚ್ಚಿ, ನೀರು ಬರುವ ಕಡೆಗೆ ಮುಖ ಮಾಡಿ, ಕೋಲೂರಿ ಅಡ್ಡಡ್ಡ ಹೆಜ್ಜೆ ಇಡಿ. ಬರಿಗಾಲು ಬೇಡ: ತಣ್ಣೀರಿಗೆ ಪಾದ ಜೋಮು ಹಿಡಿದರೆ ಕಲ್ಲು ಅಲುಗಿದ್ದೂ ತಿಳಿಯದು. ಮಂಡಿ ಮೀರಿದ ರಭಸದ ನೀರಾದರೆ ಹಿಂದಿರುಗಿ. ಮರದ ಸೇತುವೆಯ ಮೇಲೆ ಬೆಳಗಿನ ಹೊತ್ತು ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರವಿರುತ್ತದೆ, ಒಬ್ಬೊಬ್ಬರೇ ದಾಟಿ.

3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಚ್ಚಲಕ್ಕಿ ಬೇಯಿಸುವ ಆಸೆ ಬಿಡಿ. ಅವಲಕ್ಕಿ, ಹುರಿಹಿಟ್ಟು, ಬೆಲ್ಲ ತುಂಬಿಕೊಳ್ಳಿ. ಜೀನ್ಸ್, ಹತ್ತಿ ಬನಿಯನ್ ಮನೆಯಲ್ಲೇ ಇರಲಿ. ಬೆವರಿಗೆ ಒದ್ದೆಯಾದರೆ ಅಲ್ಲಿ ಒಣಗದೆ ಮೈ ಶಾಖವನ್ನೆಲ್ಲ ಹೀರುತ್ತವೆ. ಉಣ್ಣೆ ಕಾಲುಚೀಲ ಮೂರು ಜೊತೆ ಇರಲಿ, ಒಂದು ಜೊತೆ ಮಲಗಲಿಕ್ಕೆ ಮಾತ್ರ.

ಹೇಸರಗತ್ತೆಗಳ ಸಾಲು ಎದುರಾದರೆ ಗುಡ್ಡದ ಬದಿಗೆ ಒತ್ತಿ ನಿಲ್ಲಿ. ಕಣಿವೆಯ ಬದಿಗೆ ನಿಂತರೆ ಅವುಗಳ ಬೆನ್ನಿನ ಹೊರೆ ತಾಗಿ ಕೆಳಗೆ ಬೀಳುತ್ತೀರಿ. ಹಳ್ಳಿಗಳಲ್ಲಿ ದೇವಸ್ಥಾನದ ಅಂಗಳಕ್ಕೆ ಕೇಳದೆ ಕಾಲಿಡಬೇಡಿ. ಮನೆಯಲ್ಲಿ ಉಳಿಯುವುದಾದರೆ ದರ, ಊಟ, ಸೌದೆ ಮೂರನ್ನೂ ಹೋದ ಕೂಡಲೇ ಮಾತಾಡಿ, ಹೊರಡುವ ಬೆಳಿಗ್ಗೆಗೆ ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ.