ಫ್ಲಮೆಂಕೊ ಧ್ವನಿಮುದ್ರಣಕ್ಕೆ ಸರ್ಕಾರಿ ಧನಸಹಾಯ: ಅರ್ಜಿಯನ್ನು ನ್ಯಾಯವಾಗಿ ಸಿದ್ಧಪಡಿಸುವ ಬಗೆ

ಸ್ಪೇನಿನ ಆಂಡಲೂಸಿಯಾದಲ್ಲಿ, ಹಾಡು, ಗಿಟಾರ್ ಮತ್ತು ಕೈಚಪ್ಪಾಳೆಯ ತಾಳ ಕೂಡಿದ ಫ್ಲಮೆಂಕೊ ಸಂಗೀತವನ್ನು ಪೋಷಿಸುವುದು ಸರ್ಕಾರದ ಮರ್ಜಿಗೆ ಬಿಟ್ಟ ವಿಷಯವಲ್ಲ. 2007ರ ಸ್ವಾಯತ್ತತಾ ಶಾಸನದ 68ನೇ ವಿಧಿ ಈ ಕಲೆಯ ಹೊಣೆಯನ್ನು ಪ್ರಾಂತೀಯ ಸರ್ಕಾರಕ್ಕೆ ವಹಿಸಿದೆ. 2010ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು, 2023ರಲ್ಲಿ ಫ್ಲಮೆಂಕೊಗೆಂದೇ ಪ್ರತ್ಯೇಕ ಕಾಯ್ದೆಯೂ ಬಂದಿತು. ಧ್ವನಿಮುದ್ರಿಕೆಯೊಂದಕ್ಕೆ ಬರುವ ಧನಸಹಾಯ ಜನರ ತೆರಿಗೆಯ ಹಣವಾದ್ದರಿಂದ ಅದು ಯಾರ ಕೈಗೆ, ಎಷ್ಟು, ಯಾವ ಲೆಕ್ಕದಲ್ಲಿ ತಲುಪುತ್ತದೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆಯ್ಕೆ ಸಮಿತಿ ಪಕ್ಷಪಾತ ಮಾಡದಿದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ನ್ಯಾಯ ಮೊದಲು ಇರಬೇಕಾದದ್ದು ಅರ್ಜಿದಾರರೇ ಬರೆಯುವ ಖರ್ಚಿನ ಅಂದಾಜು ಪಟ್ಟಿಯಲ್ಲಿ.

ಮೊದಲು ಧನಸಹಾಯಕ್ಕೆ ಅರ್ಜಿ ಕರೆದ ಅಧಿಸೂಚನೆಯನ್ನು ಕೊನೆಯ ಪುಟದವರೆಗೂ ಓದಿರಿ. ಸ್ಪೇನಿನ 38/2003ನೇ ಧನಸಹಾಯ ಕಾಯ್ದೆಯ ಪ್ರಕಾರ ಬಹಿರಂಗ ಪ್ರಕಟಣೆ, ಪಾರದರ್ಶಕತೆ ಮತ್ತು ಸಮಾನತೆ ಕಡ್ಡಾಯವಾಗಿದ್ದು, ಸಾಮಾನ್ಯವಾಗಿ ಅರ್ಜಿಗಳನ್ನು ಪರಸ್ಪರ ಹೋಲಿಸಿ, ಮೊದಲೇ ಪ್ರಕಟಿಸಿದ ಮಾನದಂಡಗಳಂತೆ ಅಂಕ ಕೊಟ್ಟು ಆಯ್ಕೆ ಮಾಡಲಾಗುತ್ತದೆ. ಆ ಮಾನದಂಡಗಳ ಕ್ರಮದಲ್ಲಿಯೇ ನಿಮ್ಮ ಯೋಜನೆಯ ವಿವರಣೆಯನ್ನೂ ಬರೆಯಿರಿ. ದಾಖಲೆಯಲ್ಲಿ ಕೊರತೆಯಿದ್ದರೆ ಸರಿಪಡಿಸಲು ಸಿಗುವ ಗಡುವು 10 ಕೆಲಸದ ದಿನ ಮಾತ್ರ, ಆದ್ದರಿಂದ ನೋಟಿಸು ಬರುವ ವಿದ್ಯುನ್ಮಾನ ಪೆಟ್ಟಿಗೆಯನ್ನು ದಿನವೂ ತೆರೆದು ನೋಡಬೇಕು.

ಇನ್ನು ಅಂದಾಜು ಪಟ್ಟಿ. ನಾನು ಓದಿದ ಒಂದು ಕರಡಿನಲ್ಲಿ ಗಾಯಕರು, ಗಿಟಾರ್ ವಾದಕರು, ಸ್ಟುಡಿಯೊ ಬಾಡಿಗೆ, ಮಿಕ್ಸಿಂಗ್, ಮಾಸ್ಟರಿಂಗ್, ಕೊನೆಗೆ ಮುಖಪುಟದ ಛಾಯಾಚಿತ್ರಕ್ಕೂ ಒಂದೊಂದು ಸಾಲು ಇತ್ತು. ಕೈಚಪ್ಪಾಳೆಯಿಂದ ತಾಳ ಹಾಕುವ ಇಬ್ಬರು ಪಾಲ್ಮೆರೊಗಳು ಮಾತ್ರ ‘ಇತರೆ’ ಎಂಬ ಸಾಲಿನೊಳಗೆ, ಊಟದ ಖರ್ಚಿನ ಜೊತೆಗೆ ಸೇರಿಹೋಗಿದ್ದರು. ಫ್ಲಮೆಂಕೊದ ಒಂದು ಹಾಡಿನ ಪ್ರಕಾರವಾದ ಸೊಲೆಯಾದ 12 ಎಣಿಕೆಯ ಆವರ್ತದಲ್ಲಿ 3, 6, 8, 10 ಮತ್ತು 12ಕ್ಕೆ ಒತ್ತು ಬೀಳುತ್ತದೆ. ಗಾಯಕರು ಉಸಿರು ಹಿಡಿದು ಸ್ವರವನ್ನು ಎಳೆಯುವಾಗ ಅಂಗೈಗಳನ್ನು ಬಟ್ಟಲಿನಂತೆ ಬಾಗಿಸಿ ಮಂದವಾಗಿಯೂ, ಬೆರಳುಗಳನ್ನು ಅಂಗೈಗೆ ಹೊಡೆದು ಖಣಿಲಾಗಿಯೂ ಆ ಆವರ್ತವನ್ನು ಕೂದಲೆಳೆಯಷ್ಟೂ ಜಾರದಂತೆ ಹಿಡಿದಿಡುವವರು ಇವರೇ. ಮೃದಂಗದವರ ಸಂಭಾವನೆಯನ್ನು ಕಾಫಿ ತಿಂಡಿಯ ಲೆಕ್ಕಕ್ಕೆ ಸೇರಿಸಿದರೆ ನಮಗೆ ಹೇಗೆ ಅನಿಸುತ್ತದೆಯೋ ಇದೂ ಹಾಗೆಯೇ. ಆದ್ದರಿಂದ ಪ್ರತಿಯೊಬ್ಬ ಪಕ್ಕವಾದ್ಯದವರಿಗೂ ಪ್ರತ್ಯೇಕ ಸಾಲು ತೆರೆದು ಹೆಸರು, ತಾಲೀಮಿನ ದಿನಗಳು, ಧ್ವನಿಮುದ್ರಣದ ದಿನಗಳು, ಸಂಭಾವನೆ, ಪ್ರಯಾಣ ಮತ್ತು ಸಾಮಾಜಿಕ ಭದ್ರತೆಯ ವಂತಿಗೆಯನ್ನು ನಮೂದಿಸಿರಿ. ತಾಲೀಮಿಗೆ ಹಣವಿಡದ ಪಟ್ಟಿ ಅಗ್ಗವಾಗಿ ಕಾಣುತ್ತದೆ ನಿಜ, ಆದರೆ ಆ ಅಗ್ಗದ ಬೆಲೆಯನ್ನು ತೆರುವವರು ಪಕ್ಕವಾದ್ಯದವರು.

ಫ್ಲಮೆಂಕೊ ಮನೆತನಗಳ ಕಲೆಯಾಗಿರುವುದರಿಂದ ಅಣ್ಣ ಗಿಟಾರ್ ನುಡಿಸುವುದು, ಚಿಕ್ಕಪ್ಪನ ಮಗ ಸ್ಟುಡಿಯೊ ನಡೆಸುವುದು ಸಹಜ. ಆದರೆ ಧನಸಹಾಯದ ನಿಯಮಗಳ ಪ್ರಕಾರ ನಾಲ್ಕನೇ ಹಂತದವರೆಗಿನ ರಕ್ತಸಂಬಂಧಿಗಳು, ಎಂದರೆ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೂ, ‘ಸಂಬಂಧಿತ ವ್ಯಕ್ತಿಗಳು’. ಯೋಜನೆಯ ಕೆಲಸವನ್ನು ಅಂಥವರಿಗೆ ಉಪಗುತ್ತಿಗೆ ಕೊಡುವುದಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಬೆಲೆ ಮಾರುಕಟ್ಟೆಯ ದರಕ್ಕೆ ಹೊಂದಿರಬೇಕು. ಸಂಬಂಧವನ್ನು ಮರೆಮಾಚದೆ ಅರ್ಜಿಯಲ್ಲಿಯೇ ಬರೆದುಬಿಡಿ. ಸ್ಟುಡಿಯೊದಂಥ ಸೇವೆಗೆ 15,000 ಯೂರೊ ಅಥವಾ ಹೆಚ್ಚು ತಗಲುವಾಗ ಮೂರು ಕೊಟೇಶನ್ ಬೇಕೆಂಬುದು ಸಾಮಾನ್ಯ ನಿಯಮವಾದರೂ, ಸಣ್ಣ ಮೊತ್ತಕ್ಕೂ ಎರಡು ಮೂರು ದರಪಟ್ಟಿ ತರಿಸಿಟ್ಟುಕೊಳ್ಳುವುದು ಒಳ್ಳೆಯದು.

ಹಕ್ಕುಗಳ ಮಾತನ್ನು ಧ್ವನಿಮುದ್ರಣಕ್ಕೆ ಮೊದಲೇ ಆಡಿ ಮುಗಿಸಬೇಕು. ಹಾಡುವ ಪದ್ಯಗಳಲ್ಲಿ ಬಹಳಷ್ಟು ನಮ್ಮ ತ್ರಿಪದಿಗಳಂತೆ ಬಾಯಿಂದ ಬಾಯಿಗೆ ಬಂದವು. ಅವುಗಳನ್ನು ಯಾರೊಬ್ಬರೂ ತಮ್ಮ ರಚನೆಯೆಂದು ನೋಂದಾಯಿಸುವುದು ತಪ್ಪು, ಸಂಗೀತದ ಜೋಡಣೆ ಹೊಸದಾಗಿದ್ದರೆ ಜೋಡಣೆ ಎಂದಷ್ಟೇ ಬರೆಯಬೇಕು. ಪದ್ಯ ಯಾರದು, ಹಾಡಿನ ನಡುವೆ ಗಿಟಾರ್ ನುಡಿಸುವ ಫಾಲ್ಸೆತಾ ಎಂಬ ತುಣುಕುಗಳು ಯಾರವು, ಪಾಲು ಎಷ್ಟೆಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ. ರಚನಾಕಾರರ ಹಕ್ಕನ್ನು ಎಸ್‌ಜಿಎಇ, ಹಾಡಿ ನುಡಿಸಿದವರ ಹಕ್ಕನ್ನು ಎಐಇ ಸಂಸ್ಥೆ ನೋಡಿಕೊಳ್ಳುತ್ತದೆ. ಯುರೋಪಿನ 2011ರ ನಿರ್ದೇಶನದಂತೆ ಪ್ರಕಟವಾದ ಧ್ವನಿಮುದ್ರಿಕೆಯಲ್ಲಿ ಹಾಡಿ ನುಡಿಸಿದವರ ಹಕ್ಕು 70 ವರ್ಷ ಉಳಿಯುತ್ತದೆ. ಹಾಡಿ ನುಡಿಸಿದವರ ಪಟ್ಟಿಯಲ್ಲಿ ಪಾಲ್ಮೆರೊ ಒಬ್ಬರ ಹೆಸರು ಬಿಟ್ಟುಹೋದರೆ ಅವರಿಗಷ್ಟೇ ಅಲ್ಲ, ಅವರ ಮಕ್ಕಳಿಗೂ ಸಲ್ಲಬೇಕಾದದ್ದು ತಪ್ಪಿಹೋಗಬಹುದು.

ತಾತ್ಕಾಲಿಕ ಆಯ್ಕೆ ಪಟ್ಟಿ ಬಂದ ಮೇಲೆ ಆಕ್ಷೇಪಣೆಗೆ 10 ಕೆಲಸದ ದಿನಗಳಿರುತ್ತವೆ. ನಿಮಗೆ ಬಂದ ಅಂಕಗಳನ್ನು ಮಾನದಂಡವಾರು ಕೇಳಿ ಪಡೆಯಿರಿ. ಸಮಿತಿಯ ಸದಸ್ಯರು ಅರ್ಜಿದಾರರೊಬ್ಬರ ಹತ್ತಿರದ ಬಂಧುವಾಗಿದ್ದರೆ ಅವರು ಹಿಂದೆ ಸರಿಯಬೇಕೆಂದು 40/2015ನೇ ಕಾಯ್ದೆ ಹೇಳುತ್ತದೆ, ಅದನ್ನು ಸೌಜನ್ಯದಿಂದಲೇ, ಲಿಖಿತವಾಗಿ ಎತ್ತಿ ತೋರಿಸಬಹುದು. ಅಂತಿಮ ಆದೇಶ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆಗೆ ಒಂದು ತಿಂಗಳು, ನ್ಯಾಯಾಲಯಕ್ಕೆ ಎರಡು ತಿಂಗಳು ಕಾಲಾವಕಾಶವಿದೆ.

ಹಣ ಬಂದರೆ ಯೋಜನೆಯ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪಾವತಿಗಳನ್ನು ಬ್ಯಾಂಕಿನ ಮೂಲಕವೇ ಮಾಡಿ ರಸೀದಿಗಳನ್ನು ಅಂದಾಜು ಪಟ್ಟಿಯ ಸಾಲುಗಳ ಕ್ರಮದಲ್ಲಿ ಜೋಡಿಸಿರಿ. ಮುದ್ರಿಕೆಯ ಹೊದಿಕೆಯಲ್ಲಿ ಸರ್ಕಾರದ ಲಾಂಛನದ ಜೊತೆಗೆ ತಾಳ ಹಾಕಿದವರ ಪೂರ್ಣ ಹೆಸರುಗಳೂ ಇವೆಯೇ ಎಂದು ಅಚ್ಚಿಗೆ ಹೋಗುವ ಮುನ್ನ ನೋಡಿಕೊಂಡು, ಮುದ್ರಿಕೆಯ ಪ್ರತಿಗಳು ಕೈಗೆ ಬಂದ ಮೇಲೆ ಒಂದನ್ನು ಹೆರೆಸ್ ನಗರದ ಫ್ಲಮೆಂಕೊ ದಾಖಲಾತಿ ಕೇಂದ್ರಕ್ಕೆ ಕಳುಹಿಸಿರಿ.