37 ಕೆಜಿ ಸರಿ, 38 ಕೆಜಿ ತಪ್ಪು: ಕಾರಟಗಿಯಿಂದ ಕೆಲಸ ಹುಡುಕಿದ ನನ್ನ ಅನುಭವ

2020ರ ಮಾರ್ಚ್ 20ರ ರಾತ್ರಿ ಬೆಂಗಳೂರಿನಲ್ಲಿ, ಕೊಪ್ಪಳ ಜಿಲ್ಲೆಯ ನನ್ನ ಊರು ಕಾರಟಗಿಯ ಬಸ್ ಹತ್ತಿದೆ. ಯುಗಾದಿ ಮುಗಿಸಿಕೊಂಡು ವಾಪಸ್ ಹೋಗುವ ಲೆಕ್ಕ, ಹಾಗಾಗಿ ಕೈಯಲ್ಲಿ ಆಫೀಸಿನ ಲ್ಯಾಪ್‌ಟಾಪ್ ಮತ್ತು ಎರಡು ಜೊತೆ ಬಟ್ಟೆ ಅಷ್ಟೇ. ಯುಗಾದಿಯ ದಿನವೇ, ಮಾರ್ಚ್ 25ಕ್ಕೆ, ದೇಶಕ್ಕೆ ಲಾಕ್‌ಡೌನ್ ಬಿತ್ತು. ಎರಡು ತಿಂಗಳೊಳಗೆ ನನ್ನ ಕೆಲಸವೂ ಹೋಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಎಚ್‌ಆರ್ ಕಡೆಯಿಂದ ವಿಡಿಯೊ ಕಾಲ್ ಬಂತು. ಪ್ರಾಜೆಕ್ಟ್ ನಿಂತಿದೆ, ನೀವೇ ರಾಜೀನಾಮೆ ಕಳಿಸಿದರೆ ಮುಂದೆ ನಿಮಗೇ ಒಳ್ಳೆಯದು ಎಂದರು. ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ ಕಂಪನಿ ಅದು. ಕೈಕಾಲು ತಣ್ಣಗಾಗಿದ್ದರೂ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಕಾಲ್‌ನಲ್ಲಿ ಹೇಳಿದ್ದನ್ನೆಲ್ಲ ಬರೆದು, ರಿಲೀವಿಂಗ್ ಲೆಟರ್ ಯಾವತ್ತು, ಎಕ್ಸ್‌ಪೀರಿಯನ್ಸ್ ಲೆಟರ್ ಯಾವತ್ತು, ಬಾಕಿ ಲೆಕ್ಕ ಯಾವತ್ತು ಚುಕ್ತಾ ಎಂದು ಕೇಳಿ ಮೇಲ್ ಹಾಕಿದೆ. ಆಫೀಸಿನ ಲಾಗಿನ್ ಮುಚ್ಚುವ ಮುಂಚೆ ಪೇ ಸ್ಲಿಪ್, ಸಂಬಳದಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16 ಎಲ್ಲ ಇಳಿಸಿಟ್ಟುಕೊಂಡೆ. ಆರು ತಿಂಗಳ ನಂತರ ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲನೆಗೆ ಕೇಳಿದ್ದು ಇವೇ ಕಾಗದಗಳನ್ನು. ಕೆಲಸ ಹೋಗುತ್ತಿದೆ ಅನ್ನುವ ಸುದ್ದಿ ಬಂದ ದಿನ ಅಳು ಬರುತ್ತದೆ, ಬರಲಿ. ಆದರೆ ಈ ಮೇಲ್ ಅದೇ ದಿನ ಹೋಗಬೇಕು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕೋವಿಡ್‌ಗೆಂದು ಪಿಎಫ್‌ನಿಂದ ಮುಂಗಡ ತೆಗೆಯಲು ಆಗ ಅವಕಾಶ ಕೊಟ್ಟಿದ್ದರು. ಮೂರು ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ), ಇಲ್ಲವೇ ಖಾತೆಯಲ್ಲಿರುವುದರ ಶೇ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನಾನು ತೆಗೆದೆ. ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ವಿನಾಯಿತಿ ಕೊಟ್ಟಿತ್ತು, ಆದರೆ ಬಡ್ಡಿ ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಪಿಎಫ್ ದುಡ್ಡಿನಲ್ಲಿ ಕಂತು ಕಟ್ಟುತ್ತಲೇ ಹೋದೆ. ಹಳೆಯ ಕಂಪನಿ ಪಿಎಫ್‌ನಲ್ಲಿ ನಾನು ಕೆಲಸ ಬಿಟ್ಟ ತಾರೀಖು ಹಾಕಿರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಅದನ್ನು ನಾವೇ ಆನ್‌ಲೈನ್‌ನಲ್ಲಿ ದಾಖಲಿಸಬಹುದು, ಹಾಗೆ ಮಾಡಿಕೊಂಡೆ.

ಮೊದಲ ಎರಡು ತಿಂಗಳು ನಾನು ಕೆಲಸ ಹುಡುಕಿದ ರೀತಿಯೇ ತಪ್ಪಿತ್ತು. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಕಂಡಕಂಡ ಕಡೆ ಅರ್ಜಿ ಒತ್ತಿದೆ. ಎಕ್ಸೆಲ್‌ನಲ್ಲಿ ಪಟ್ಟಿ ಇಟ್ಟಿದ್ದೆ, ಜುಲೈ ಕೊನೆಗೆ 64 ಆಗಿತ್ತು. ತಿರುಗಿ ಫೋನ್ ಬಂದದ್ದು ಐದು. ಒಬ್ಬರು ಲ್ಯಾಪ್‌ಟಾಪ್‌ಗೆ ಮುಂಗಡ ಠೇವಣಿ ಕಟ್ಟಿ ಎಂದರು. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ, ಆ ನಂಬರ್ ಬ್ಲಾಕ್ ಮಾಡಿದೆ. ಮೂರು ಸಂದರ್ಶನ ಆದವು. ಮೂರರಲ್ಲೂ 'ನಿಮ್ಮ ಬಗ್ಗೆ ಹೇಳಿ' ಅಂದ ಕೂಡಲೇ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಒಪ್ಪಿಸಿದೆ. ಮ್ಯಾನುಯಲ್ ಟೆಸ್ಟಿಂಗ್, ರಿಗ್ರೆಷನ್, ಜಿರಾ, ಅಜೈಲ್, ಹೀಗೆ ಬರೀ ನಮ್ಮ ಕೆಲಸದ ಪದಗಳು. ಎರಡನೇ ಪ್ರಶ್ನೆಗೆ ತಡವರಿಸಿದೆ. ಮೂರನೆಯದರಲ್ಲಿ ನಡುವೆ ಕರೆಂಟ್ ಹೋಗಿ ವೈಫೈ ಬಿತ್ತು, ಅವರು ಮತ್ತೆ ಕರೆಯಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ನಾಕು ವರ್ಷ ದಿನಾ ಆಫೀಸಿನ್ಯಾಗ ಏನ್ ಮಾಡ್ತಿದ್ದಿ ತಂಗಿ? ನನಗ ತಿಳಿಯೋ ಹಂಗ ಬಿಡಿಸಿ ಹೇಳು."

ನನಗೆ ಹೇಳಲು ಬರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕ್ತೀನಪ್ಪ ಅಂದೆ. "ಹೆಂಗ ಹುಡುಕ್ತಿ?" ಅಂದರು. ಅಲ್ಲಿಗೇ ನಿಂತೆ.

ಅಪ್ಪ ಇಲ್ಲಿಯ ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಭತ್ತದ ಗಾಡಿ ಬಂದಾಗ ತೂಕ, ಸೂಟು (ತೂಕದಲ್ಲಿ ಹಿಡಿಯುವ ಕಡಿತ), ಚೀಲದ ಲೆಕ್ಕ ಬರೆಯುವುದು ಅವರ ಕೆಲಸ. ನಮ್ಮ ಕಡೆ ಭತ್ತದ ದರವೇ 75 ಕೆಜಿ ಚೀಲದ ಮೇಲೆ. ಮಿಲ್ಲಿನಲ್ಲಿ ಆಗಷ್ಟೇ ಯಾರಿಂದಲೋ ಒಂದು ಎಕ್ಸೆಲ್ ಹಾಳೆ ಮಾಡಿಸಿದ್ದರು. ತೂಕ ಹಾಕಿದರೆ ಎಷ್ಟು ಚೀಲ, ಉಳಿದದ್ದು ಎಷ್ಟು ಕೆಜಿ ಅಂತ ತಾನೇ ತೋರಿಸಬೇಕು. ಅಪ್ಪನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. "ಒಂದ್ ಗಾಡಿಗೆ ಬರೋಬ್ಬರಿ ಬರ್ತದ, ಇನ್ನೊಂದಕ್ಕ ಒಂದ್ ಚೀಲ ಹೆಚ್ಚಿಗಿ ತೋರಸ್ತದ" ಎಂದು ದಿನಾ ಪುಸ್ತಕದಲ್ಲೇ ಲೆಕ್ಕ ಬರೆಯುತ್ತಿದ್ದರು. ಚುಕ್ತಾ ಆಗುವುದೂ ಆ ಪುಸ್ತಕದ ಮೇಲೆಯೇ, ಹಾಗಾಗಿ ರೈತರ ದುಡ್ಡಿಗೆ ತೊಂದರೆ ಆಗಿರಲಿಲ್ಲ. ಆ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡೆ.

ಅಪ್ಪನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೊಂದೇ ಅಂಕಿ ಹಾಕಿದೆ. 5,960 ಕೆಜಿ: 79 ಚೀಲ, 35 ಕೆಜಿ. ಸರಿ. 5,965 ಕೆಜಿ: 80 ಚೀಲ, 40 ಕೆಜಿ. ತಪ್ಪು, 79 ಆಗಬೇಕಿತ್ತು. ಐದು ಕೆಜಿ ಅಂತರದಲ್ಲಿ ಏನಾಯಿತು? ದೊಡ್ಡ ಅಂಕಿ ಬಿಟ್ಟು ಸಣ್ಣವಕ್ಕೆ ಬಂದೆ. 0, 1, 37, 38, 74, 75, 76. 37ಕ್ಕೆ ಸೊನ್ನೆ ಚೀಲ 37 ಕೆಜಿ ಅಂದದ್ದು, 38ಕ್ಕೆ ಒಂದು ಚೀಲ 38 ಕೆಜಿ ಅಂದಿತು. 74ಕ್ಕೂ ಹಾಗೇ. 75, 76 ಮತ್ತೆ ಸರಿ.

"ಅರ್ಧ ಚೀಲ ದಾಟಿದ ಕೂಡ್ಲೆ ಕೆಡ್ತದ" ಅಂದರು ಅಪ್ಪ. ನಾನು ಹೇಳುವ ಮುಂಚೆಯೇ.

ಹೌದು. ಚೀಲದ ಕಾಲಂನಲ್ಲಿ ರೌಂಡ್ ಸೂತ್ರ ಇತ್ತು, ಅರ್ಧ ದಾಟಿದರೆ ಮುಂದಿನ ಪೂರ್ಣ ಸಂಖ್ಯೆಗೆ ಏರಿಸುತ್ತದೆ. ಉಳಿದ ಕೆಜಿಯನ್ನು ಇನ್ನೊಂದು ಕಾಲಂ ಬೇರೆಯಾಗಿ ತೆಗೆಯುತ್ತಿತ್ತು. ಎರಡೂ ಸೇರಿ ಅದೇ ಕಾಳನ್ನು ಎರಡು ಸಲ ಎಣಿಸುತ್ತಿದ್ದವು. ರೌಂಡ್ ತೆಗೆದು, ಪೂರ್ಣ ಸಂಖ್ಯೆ ಮಾತ್ರ ಉಳಿಸಿ ಮಿಕ್ಕಿದ್ದನ್ನು ಬಿಡುವ ಇಂಟ್ ಸೂತ್ರ ಹಾಕಿದೆ, ಏಳೂ ಅಂಕಿ ಮತ್ತೆ ಹಾಕಿ ನೋಡಿದೆ, ಸರಿ ಬಂತು. ಎಲ್ಲಿ ಮುರಿಯುತ್ತದೆಯೋ ಆ ಅಂಚಿನ ಎರಡೂ ಬದಿ ಪರೀಕ್ಷಿಸುವುದು ಟೆಸ್ಟಿಂಗ್‌ನ ಮೊದಲ ಪಾಠ. ನಾಲ್ಕು ವರ್ಷ ನಾನು ಮಾಡಿದ್ದೂ ಇದನ್ನೇ, ಬ್ಯಾಂಕಿನ ಪರದೆಗಳ ಮೇಲೆ. ಆದರೆ ಬಿಡಿಸಿ ಹೇಳಿದ್ದು ಅವತ್ತೇ ಮೊದಲು.

ಮರುದಿನ ರೆಸ್ಯೂಮೆಯ ಅರ್ಧ ಅಳಿಸಿದೆ. ಹಳೆಯ ಕೆಲಸದಲ್ಲಿ ನಾನು ಹಿಡಿದ ಐದು ಬಗ್‌ಗಳನ್ನು, ಅಂದರೆ ಸಾಫ್ಟ್‌ವೇರ್‌ನ ತಪ್ಪುಗಳನ್ನು, ನೆನಪು ಮಾಡಿಕೊಂಡು, ಏನು ಕಂಡಿತು, ಯಾಕೆ ಅನುಮಾನ ಬಂತು, ಹೇಗೆ ಖಚಿತ ಮಾಡಿಕೊಂಡೆ, ಸರಿಯಾಗದಿದ್ದರೆ ಯಾರಿಗೆ ಏನಾಗುತ್ತಿತ್ತು ಎಂದು ಮೊದಲು ಕನ್ನಡದಲ್ಲಿ ಬರೆದೆ. ಗ್ರಾಹಕ ಕಂಪನಿಗಳ ಹೆಸರು ಬಿಟ್ಟೆ, ಆ ಗುಟ್ಟು ಕಾಯುವುದು ನಮ್ಮ ಕರ್ತವ್ಯ. ಆಮೇಲೆ ಒಂದೊಂದನ್ನೂ ಮೂರ್ನಾಲ್ಕು ಸಾಲಿನ ಇಂಗ್ಲಿಷ್ ಮಾಡಿದೆ. ಕನ್ನಡದಲ್ಲಿ ವಿಷಯ ಗಟ್ಟಿಯಾಗಿ ಕೂತಿದ್ದರಿಂದ ಇಂಗ್ಲಿಷ್ ಪದ ಜಾರಿದರೂ ಮಾತು ಜಾರಲಿಲ್ಲ. ದಿನಾ ಸಂಜೆ ಅಪ್ಪನಿಗೆ ಒಂದು ಬಗ್ ಹೇಳುತ್ತಿದ್ದೆ. ಅವರು "ಮತ್ತ ಅದು ಹಂಗ್ಯಾಕ?" ಅನ್ನುತ್ತಿದ್ದರು. ಯಾವ ಸಂದರ್ಶಕರೂ ಅಷ್ಟು ಕೆದಕಿಲ್ಲ.

ಬೆಳಗ್ಗೆ ಐದರಿಂದ ಏಳು, ನೆಟ್ ಚೆನ್ನಾಗಿರುವ ಹೊತ್ತು, ವೆಬ್ ಪುಟಗಳನ್ನು ತಾನಾಗಿ ಪರೀಕ್ಷಿಸುವ ಸೆಲೆನಿಯಂ ಮತ್ತು ಅದಕ್ಕೆ ಕೋಡ್ ಬರೆಯಲು ಜಾವಾ ಭಾಷೆ ಕಲಿತೆ. ಕೈಯಿಂದಲೇ ಒಂದೊಂದಾಗಿ ಪರೀಕ್ಷಿಸುವ ಮ್ಯಾನುಯಲ್ ಟೆಸ್ಟಿಂಗ್ ಒಂದರಿಂದಲೇ ಕೆಲಸ ಸಿಗುವುದು ಕಷ್ಟವಾಗಿತ್ತು. ಎಪಿಐ, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ; ಅದರ ಪರೀಕ್ಷೆಗೆ ಪೋಸ್ಟ್‌ಮ್ಯಾನ್ ಎಂಬ ಸಾಧನ ಕಲಿತೆ. ಕೋರ್ಸ್ ಸರ್ಟಿಫಿಕೇಟ್ ಹಿಂದೆ ಬೀಳಲಿಲ್ಲ. ಚೀಲದ ಲೆಕ್ಕವನ್ನೇ ಒಂದು ಪುಟ್ಟ ವೆಬ್ ಪುಟ ಮಾಡಿ, ಆ ಏಳು ಅಂಕಿಗಳನ್ನು ಟೆಸ್ಟ್‌ಎನ್‌ಜಿ ಎಂಬ ಪರೀಕ್ಷಾ ಸಾಧನದಿಂದ ಓಡಿಸುವ ಕೋಡ್ ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಹಾಕಿದೆ.

ಇನ್ನೊಂದು ಬದಲಾವಣೆ. ಎಲ್ಲಿದ್ದೀನಿ ಅನ್ನುವುದನ್ನು ಮುಚ್ಚಿಡುವುದು ಬಿಟ್ಟೆ. ಸಂದರ್ಶನ ಒಪ್ಪುವ ಮೇಲ್‌ನಲ್ಲೇ, ಕೊಪ್ಪಳ ಜಿಲ್ಲೆಯ ಊರಿನಲ್ಲಿದ್ದೇನೆ, ಮೇ ತಿಂಗಳಲ್ಲಿ ಪ್ರಾಜೆಕ್ಟ್ ನಿಂತು ಕೆಲಸ ಹೋಗಿದೆ, ಕರೆಂಟ್ ಹೋದರೆ ಎರಡು ನಿಮಿಷದಲ್ಲಿ ಮೊಬೈಲ್‌ನಿಂದ ಸೇರುತ್ತೇನೆ, ನಂಬರ್ ಇದು ಎಂದು ಬರೆದೆ. ಮೊಬೈಲ್ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ. ಅಲ್ಲಿ ಕುರ್ಚಿ ಹಾಕಿ ಅವ್ವ ಹಳೆಯ ಸೀರೆಯಿಂದ ನೆರಳು ಕಟ್ಟಿಕೊಟ್ಟಳು.

ಅಕ್ಟೋಬರ್‌ನಲ್ಲಿ ಆದ ಸಂದರ್ಶನದಲ್ಲಿ ಕರೆಂಟ್ ನಿಜಕ್ಕೂ ಹೋಯಿತು. ಮೆಟ್ಟಿಲು ಹತ್ತಿ ಟ್ಯಾಂಕಿನ ಪಕ್ಕದಿಂದ ಮತ್ತೆ ಸೇರಿದೆ, ಏದುಸಿರು ಬರುತ್ತಿತ್ತು, ಅವರು ಕಾಯುತ್ತಿದ್ದರು. ಇತ್ತೀಚೆಗೆ ಹಿಡಿದ ಬಗ್ ಹೇಳಿ ಎಂದರು. ಭತ್ತದ ಚೀಲದ ಕಥೆ ಹೇಳಿದೆ. ಸಂದರ್ಶಕಿ ಕಾಗದ ತೆಗೆದುಕೊಂಡು 38ರ ಲೆಕ್ಕ ತಾವೇ ಹಾಕಿ ನೋಡಿದರು. ಆಮೇಲೆ ಇಪ್ಪತ್ತು ನಿಮಿಷ ಬರೀ ಅದರ ಮೇಲೆ ಪ್ರಶ್ನೆ: ತೂಕ ಖಾಲಿ ಬಿಟ್ಟರೆ? ಋಣ ಸಂಖ್ಯೆ ಬಂದರೆ? ಚೀಲ 75ರ ಬದಲು 60 ಕೆಜಿ ಆದರೆ? ಕೊನೆಯದಕ್ಕೆ ನನ್ನ ಕೋಡ್‌ನಲ್ಲಿ ಉತ್ತರ ಇರಲಿಲ್ಲ. ಇಲ್ಲ ಎಂದೇ ಹೇಳಿದೆ, ಹೇಗೆ ಸೇರಿಸುತ್ತೇನೆ ಎಂದೂ ಹೇಳಿದೆ.

ಸಂಬಳ ಹಳೆಯದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಕೆಲಸ ಆಟೊಮೇಷನ್‌ನದು, ಅಂದರೆ ಕೋಡ್ ಬರೆದು ಪರೀಕ್ಷೆ ಓಡಿಸುವುದು. ಒಪ್ಪಿಕೊಂಡೆ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಮಿಲ್ಲಿನ ವಿಳಾಸಕ್ಕೆ ಬಂತು, ಅಪ್ಪ ಸೈಕಲ್ ಮೇಲೆ ಎದೆಗವಚಿ ತಂದರು. 2020ರ ನವೆಂಬರ್ 2, ಸೋಮವಾರ ಬೆಳಗ್ಗೆ ಟ್ಯಾಂಕಿನ ಪಕ್ಕದ ಕುರ್ಚಿಯಿಂದ ಮೊದಲ ಮೀಟಿಂಗ್ ಸೇರಿದೆ. ಅದಕ್ಕೂ ಮುಂಚಿನ ರಾತ್ರಿ 60 ಕೆಜಿ ಚೀಲದ ಟೆಸ್ಟ್ ಬರೆದು ಮುಗಿಸಿದ್ದೆ.